ಕಂಬ, ಹಗ್ಗ, ಇನ್ನೊಂದು ಸುತ್ತು

ಶ್ರಾವಣದಲ್ಲಿ ನಾಗರ ಪಂಚಮಿ ಹತ್ತಿರವಾದಂತೆ ಉತ್ತರ ಕರ್ನಾಟಕದ ಊರುಗಳಲ್ಲಿ ಬೇವು, ಹುಣಸೆ, ಆಲದ ಮರಗಳಿಗೆ ಜೋಕಾಲಿ ಬೀಳುತ್ತದೆ. ಮರವಿಲ್ಲದ ಕಡೆ ಎರಡು ಗಟ್ಟಿ ಕಂಬ ನೆಟ್ಟು, ಮೇಲೊಂದು ತೊಲೆ ಕೂರಿಸಿ, ಅದರಿಂದಲೇ ಹಗ್ಗ ಇಳಿಬಿಡಬಹುದು. ಕಟ್ಟಲು ಮೇಲೆ ಹತ್ತಿದವರು ತೊಲೆಗೆ ಒಂದೆರಡು ಸುತ್ತು ಹಾಕಿ, ತುದಿಯನ್ನು ಒಂದು ಎಳೆಯ ಕೆಳಗೆ ತೂರಿಸಿ, ಮೈಭಾರವನ್ನೆಲ್ಲ ಬಿಟ್ಟು ಜಗ್ಗಿ ನೋಡುತ್ತಾರೆ. ಮೊಳೆಯಿಲ್ಲ, ಕೊಂಡಿಯಿಲ್ಲ, ತೊಲೆಗೆ ತೂತು ಕೊರೆದಿಲ್ಲ. ಆಮೇಲೆ ಇಡೀ ದಿನ ಓಣಿಯ ಹುಡುಗಿಯರು, ಹಬ್ಬಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳು ಆ ಕಟ್ಟನ್ನೇ ನಂಬಿ ಜೀಕುತ್ತಾರೆ.

ಆ ಕಟ್ಟು ಹೊರುವ ಭಾರ ಮೈತೂಕಕ್ಕಿಂತ ಬಹಳ ಹೆಚ್ಚು. 50 ಕಿಲೊ ತೂಕದವರು ಜೋಕಾಲಿಯ ಮೇಲೆ ಸುಮ್ಮನೆ ಕೂತಾಗ ಎರಡು ಹಗ್ಗಗಳಿಗೂ ತಲಾ 25 ಕಿಲೊ ಬೀಳುತ್ತದೆ. ಜೀಕು ಏರಿ, ಹಗ್ಗ ನೇರಗೆರೆಯಿಂದ 60 ಡಿಗ್ರಿಯಷ್ಟು ವಾಲಿತೆನ್ನಿ. ಅಲ್ಲಿಂದ ತೂಗಿ ತಳಕ್ಕೆ ಬಂದ ಕ್ಷಣದಲ್ಲಿ ಹಗ್ಗಗಳ ಮೇಲಿನ ಒಟ್ಟು ಎಳೆತ ತೂಕದ ಎರಡರಷ್ಟು, ಅಂದರೆ 100 ಕಿಲೊ. ಅತ್ತ ತುತ್ತತುದಿಯಲ್ಲಿ ಅರೆಕ್ಷಣ ನಿಂತಾಗ ಅದೇ ಎಳೆತ 25 ಕಿಲೊಗೆ ಇಳಿದಿರುತ್ತದೆ. ಪ್ರತಿ ತೂಗಿಗೂ ನಾಲ್ಕು ಪಟ್ಟು ಏರಿಳಿತ. ಅದರ ಮೇಲೆ ಎಳೆಯುವ ದಿಕ್ಕೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

ಇಷ್ಟೆಲ್ಲ ಸಹಿಸಿಯೂ ಚೆನ್ನಾಗಿ ಕಟ್ಟಿದ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಬಿಗಿಯಾಗಿ ಕಟ್ಟಿದ್ದಾರೆ, ಅದಕ್ಕೇ ನಿಂತಿದೆ ಎನ್ನುವುದು ನಮ್ಮೆಲ್ಲರ ಸಹಜ ಉತ್ತರ. ಅದು ಅರ್ಧ ಮಾತ್ರ ಸರಿ. ಕೈಯಿಂದ ಕೊಟ್ಟ ಬಿಗಿ ಆರಂಭಕ್ಕೆ ಬೇಕು. ಆಮೇಲೆ ಕಟ್ಟನ್ನು ಕಾಯುವುದು ಅದಕ್ಕೆ ತೂಗಿಬಿದ್ದ ಭಾರವೇ. ಬಿಚ್ಚಲು ಜಗ್ಗುವ ಬಲವೇ ಬಿಚ್ಚದಂತೆ ಒತ್ತಿ ಹಿಡಿಯುವ ಬಲವೂ ಆಗುವ ಹಾಗೆ ಹಗ್ಗವನ್ನು ದಾರಿ ಹತ್ತಿಸುವುದೇ ಗಂಟಿನ ವಿದ್ಯೆ.

ಗಂಟಿಗೆ ಮೊದಲು ಬರೀ ಸುತ್ತನ್ನು ನೋಡೋಣ. ಅಡ್ಡಗಂಬದ ಮೇಲೆ ಹಗ್ಗವನ್ನು ಗಂಟಿಲ್ಲದೆ ಸುತ್ತಿ, ಒಂದು ತುದಿಗೆ ಭಾರ ಇಳಿಬಿಟ್ಟು, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದರೆ ಭಾರ ಅಷ್ಟಾಗಿ ಕೈಗೆ ತಿಳಿಯುವುದಿಲ್ಲ. ನಾವಿಕರು, ಗಾರೆಯವರು, ಬಾವಿ ತೋಡುವವರು ಇದನ್ನು ಎಷ್ಟೋ ಕಾಲದಿಂದ ಬಲ್ಲರು. 1638ರಲ್ಲಿ ಪ್ರಕಟವಾದ ಎರಡು ಹೊಸ ವಿಜ್ಞಾನಗಳ ಕುರಿತ ಗ್ರಂಥದಲ್ಲಿ ಗೆಲಿಲಿಯೊ ಈ ಸಂಗತಿಯನ್ನು ಚರ್ಚೆಗೆ ತರುತ್ತಾನೆ. ಕಿಟಕಿಯಿಂದ ಹಗ್ಗ ಹಿಡಿದು ಇಳಿಯುವವನ ಅಂಗೈ ಕಿತ್ತುಹೋಗದಂತೆ, ಸುರುಳಿಯಾಕಾರದ ತೋಡು ಕೊರೆದ ಒಂದು ಉರುಳೆಗೆ ಹಗ್ಗವನ್ನು ಸುತ್ತಿ ಮೆಲ್ಲಗೆ ಜಾರುವ ಉಪಕರಣವೊಂದನ್ನೂ ಅಲ್ಲೇ ವಿವರಿಸುತ್ತಾನೆ. ಸುತ್ತಿಗೂ ಬಲಕ್ಕೂ ಇರುವ ನಂಟನ್ನು ಗಣಿತದಲ್ಲಿ ಹಿಡಿದವನು ಲಿಯೊನಾರ್ಡ್ ಆಯ್ಲರ್. ಘರ್ಷಣೆಯ ಬಗೆಗಿನ ಅವನ ಪ್ರಬಂಧ ಬರ್ಲಿನ್ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾದದ್ದು 1769ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ, ಕವಿಯೂ ನಾವಿಕನೂ ಆಗಿದ್ದ ವಿಲಿಯಂ ಫಾಲ್ಕನರ್ ತನ್ನ ಕಡಲ ನಿಘಂಟಿನಲ್ಲಿ ‘ಕ್ಲೋವ್ ಹಿಚ್’ ಎಂಬ ಕಂಬದ ಗಂಟಿನ ಹೆಸರನ್ನು ದಾಖಲಿಸಿದ. ಸೂತ್ರ ಒಂದು ಕಡೆ, ಗಂಟು ಇನ್ನೊಂದು ಕಡೆ, ಎರಡೂ ಒಂದೇ ವರ್ಷ ಕಾಗದಕ್ಕಿಳಿದವು. ಅವು ಒಂದನ್ನೊಂದು ಭೇಟಿಯಾಗಲು ಇನ್ನೂರು ವರ್ಷ ಹಿಡಿಯಿತು.

ಆಯ್ಲರ್ ಕಂಡದ್ದು ಇಷ್ಟು. ಕಂಬವನ್ನು ಅಪ್ಪಿದ ಹಗ್ಗದಲ್ಲಿ ಒಂದು ಬೆರಳಗಲದ ತುಣುಕನ್ನು ಮಾತ್ರ ಗಮನಿಸಿ. ಅದರ ಎರಡೂ ಬದಿಯಲ್ಲಿ ಎಳೆತವಿದೆ, ಆದರೆ ಎರಡೂ ಒಂದೇ ಗೆರೆಯಲ್ಲಿಲ್ಲ. ಹಗ್ಗ ಬಾಗಿರುವುದರಿಂದ ಆ ತುಣುಕು ಕಂಬವನ್ನು ಒಳಕ್ಕೆ ಒತ್ತುತ್ತದೆ. ಒತ್ತಿದಲ್ಲಿ ಘರ್ಷಣೆ ಹುಟ್ಟುತ್ತದೆ, ಆ ಘರ್ಷಣೆ ಎಳೆತದಲ್ಲಿ ಒಂದಿಷ್ಟನ್ನು ತಾನು ಹೊತ್ತುಕೊಂಡು ಮಿಕ್ಕದ್ದನ್ನು ಮುಂದಿನ ತುಣುಕಿಗೆ ದಾಟಿಸುತ್ತದೆ. ಹೊತ್ತುಕೊಳ್ಳುವುದು ನಿಗದಿತ ಮೊತ್ತವಲ್ಲ, ಅಲ್ಲಿರುವ ಎಳೆತದ ಒಂದು ಪಾಲು. ಹೀಗೆ ಪಾಲು ಪಾಲಾಗಿ ಇಳಿಯುವುದರಿಂದ ಲೆಕ್ಕ ಚಕ್ರಬಡ್ಡಿಯ ಹಾದಿ ಹಿಡಿಯುತ್ತದೆ. ಒಂದು ಸುತ್ತು ಎಳೆತವನ್ನು ಆರರಲ್ಲೊಂದಕ್ಕೆ ತಂದರೆ ಎರಡನೆಯದು ಆ ಆರರಲ್ಲೊಂದನ್ನು ಮತ್ತೆ ಆರರಲ್ಲೊಂದಕ್ಕೆ ತರುತ್ತದೆ.

ಎಷ್ಟು ಪಾಲು ಎನ್ನುವುದನ್ನು ತೀರ್ಮಾನಿಸುವ ಅಂಕಿಗೆ ಘರ್ಷಣಾಂಕ ಎನ್ನುತ್ತಾರೆ. ಒತ್ತಿದ ಬಲದಲ್ಲಿ ಜಾರಿಕೆಯನ್ನು ತಡೆಯಲು ಒದಗುವ ಭಾಗ ಅದು. 0.3 ಎಂದಿಟ್ಟುಕೊಂಡರೆ, ಪೂರ್ತಿ ಒಂದು ಸುತ್ತಿಗೆ ಎಳೆತ 6.6 ಪಟ್ಟು ಇಳಿಯುತ್ತದೆ. ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ 286 ಪಟ್ಟು. ಅತ್ತ 100 ಕಿಲೊ ಭಾರ ತೂಗುತ್ತಿದ್ದರೆ ಇತ್ತ ಹಿಡಿದವರ ಕೈಗೆ ಒಂದು ಸುತ್ತಿನಲ್ಲಿ 15 ಕಿಲೊ, ಎರಡು ಸುತ್ತಿನಲ್ಲಿ ಎರಡು ಕಿಲೊ ಚಿಲ್ಲರೆ, ಮೂರು ಸುತ್ತಿನಲ್ಲಿ ಅರ್ಧ ಕಿಲೊಗೂ ಕಡಿಮೆ. ನಾಲ್ಕನೆಯ ಸುತ್ತು ಹಾಕಿದರೆ 50 ಗ್ರಾಂ ಆಸುಪಾಸು. ಕೆಳಗೆ ಜೋತುಬಿದ್ದ ಹಗ್ಗದ ತುಂಡಿನ ತೂಕವೇ ಅದಕ್ಕೆ ಸಾಕು. ಮಲ್ಪೆಯಂಥ ಮೀನುಗಾರಿಕೆ ಬಂದರಿನ ಧಕ್ಕೆಯಲ್ಲಿ ಟನ್ನುಗಟ್ಟಲೆ ತೂಗುವ ದೋಣಿಯ ಹಗ್ಗವನ್ನು ಗಿಡ್ಡ ಗೂಟಕ್ಕೆ ಸುತ್ತಿ ಒಬ್ಬರೇ ಹಿಡಿದು ನಿಲ್ಲಿಸುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಈ ಸೂತ್ರದಲ್ಲಿ ಇರುವುದಕ್ಕಿಂತ ಇಲ್ಲದಿರುವುದು ನನ್ನನ್ನು ಹೆಚ್ಚು ಸೆಳೆಯುತ್ತದೆ. ಕಂಬದ ದಪ್ಪ ಅದರಲ್ಲಿ ಇಲ್ಲವೇ ಇಲ್ಲ. ದಪ್ಪ ಕಂಬಕ್ಕೆ ಹೆಚ್ಚು ಉದ್ದದ ಹಗ್ಗ ತಾಗುವುದು ನಿಜ, ಆದರೆ ಒತ್ತಡ ಅಷ್ಟೂ ಉದ್ದಕ್ಕೆ ಹರಡಿ ತೆಳುವಾಗುತ್ತದೆ. ಎರಡೂ ಒಂದಕ್ಕೊಂದು ಸರಿದೂಗಿ, ಉಳಿಯುವುದು ಎಷ್ಟು ಕೋನ ಸುತ್ತಿದೆ, ಮೇಲ್ಮೈ ಎಷ್ಟು ಒರಟು ಎಂಬ ಎರಡು ಮಾತು ಮಾತ್ರ. ದಪ್ಪ ಹಗ್ಗವನ್ನು ತೀರ ತೆಳು ಸರಳಿಗೆ ಸುತ್ತಿದಾಗ ಹಗ್ಗದ ಬಿರುಸು ಅಡ್ಡ ಬಂದು ಲೆಕ್ಕ ಸ್ವಲ್ಪ ಕೆಡುತ್ತದೆ. ಅದನ್ನು ಬಿಟ್ಟರೆ ಬೆರಳು ದಪ್ಪದ ಗೂಟಕ್ಕೂ ತೆಕ್ಕೆಗೆ ಸಿಗದ ಮರಕ್ಕೂ ಒಂದೇ ನ್ಯಾಯ. ಶಾಲೆಗಳಲ್ಲಿ ಘರ್ಷಣೆಯ ಪಾಠವನ್ನು ಇಳಿಜಾರು ಹಲಗೆಯ ಮೇಲೆ ಮರದ ತುಂಡು ಜಾರಿಸಿಯೇ ಮುಗಿಸಿಬಿಡುತ್ತೇವೆ. ಒಂದು ಮಾರು ಹಗ್ಗ, ಬೆಂಚಿನ ಕಾಲು, ನೀರು ತುಂಬಿದ ಬಕೆಟ್ಟು ಇದ್ದರೆ ಇದಕ್ಕಿಂತ ಎಷ್ಟೋ ಬೆರಗಿನ ಪಾಠ ಆಗುತ್ತದೆ. ಮಕ್ಕಳಿಗೆ ಇದು ಸಿಗಬೇಕು.

ಆದರೆ ಪಾಲು ಪಾಲಾಗಿ ಇಳಿಯುವ ಲೆಕ್ಕಕ್ಕೆ ಒಂದು ಕೊರತೆ ಇದೆ. ಅದು ಎಂದಿಗೂ ಸೊನ್ನೆ ಮುಟ್ಟುವುದಿಲ್ಲ. ಎಷ್ಟೇ ಸುತ್ತು ಹಾಕಿದರೂ ಕೊನೆಯ ತುದಿಯಲ್ಲಿ ಒಂದು ಚೂರು ಎಳೆತ ಉಳಿದೇ ಉಳಿಯುತ್ತದೆ, ಅದನ್ನು ಯಾರಾದರೂ ಹಿಡಿದಿರಬೇಕು. ಬಂದರಿನಲ್ಲಿ ಮನುಷ್ಯನ ಕೈ ಹಿಡಿದಿರುತ್ತದೆ. ಜೋಕಾಲಿಯ ತೊಲೆಯ ಮೇಲೆ ಯಾರೂ ಕೂತಿರುವುದಿಲ್ಲವಲ್ಲ, ಅಲ್ಲಿ ಆ ಕೆಲಸವನ್ನು ಹಗ್ಗದ ಇನ್ನೊಂದು ಎಳೆಯೇ ಮಾಡಬೇಕು.

ಸ್ಕೌಟ್ ಮಕ್ಕಳು ಮೊದಮೊದಲಿಗೆ ಕಲಿಯುವ ಕ್ಲೋವ್ ಹಿಚ್ ಇದಕ್ಕೆ ಅತ್ಯಂತ ಸರಳ ಉಪಾಯ. ಹಗ್ಗದ ತುದಿಯನ್ನು ಕಂಬದ ಹಿಂದಿನಿಂದ ಸುತ್ತಿ ಮುಂದಕ್ಕೆ ತನ್ನಿ. ಭಾರ ಹೊರುವ ಎಳೆಯ ಮೇಲೆ ಅದನ್ನು ಓರೆಯಾಗಿ ದಾಟಿಸಿ, ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕಿ. ಈಗ ತುದಿಯನ್ನು ಆ ಓರೆ ಎಳೆಯ ಕೆಳಗೆ ತೂರಿಸಿ ಎಳೆಯಿರಿ. ಮುಂದಿನಿಂದ ನೋಡಿದರೆ ಒಂದು ಓರೆ ಪಟ್ಟಿ, ಅದರ ಅಡಿಯಿಂದ ಎರಡು ತುದಿಗಳು ವಿರುದ್ಧ ದಿಕ್ಕಿಗೆ ಹೊರಟಂತೆ ಕಾಣುತ್ತದೆ. ಗಂಟಿನ ಜೀವ ಇರುವುದು ಆ ಓರೆ ಪಟ್ಟಿಯಲ್ಲಿ. ಭಾರ ಹೆಚ್ಚಿದಷ್ಟೂ ಪಟ್ಟಿ ಬಿಗಿದುಕೊಂಡು, ತನ್ನಡಿಯಲ್ಲಿರುವ ತುದಿಯನ್ನು ಕಂಬಕ್ಕೆ ಒತ್ತಿ ಹಿಡಿಯುತ್ತದೆ. ತುದಿಗೆ ಕೆಳಗೆ ಕಂಬದ ತಡೆ, ಮೇಲೆ ಹಗ್ಗದ ತಡೆ, ಎರಡೂ ಒಟ್ಟಿಗೆ ಸಿಗುತ್ತವೆ.

ಇದೇ ಗಂಟನ್ನು ಗಿಡ್ಡ ಗೂಟಕ್ಕೆ ಹಾಕಿ, ಹಗ್ಗವನ್ನು ಬಿಚ್ಚದೆ ಗೂಟವನ್ನೇ ಮೇಲಕ್ಕೆ ಕಿತ್ತು ನೋಡಿ. ಗಂಟು ಮಾಯವಾಗಿ ಕೈಯಲ್ಲಿ ಬರೀ ನೇರ ಹಗ್ಗ ಉಳಿಯುತ್ತದೆ. ಗಣಿತಜ್ಞರ ಕಣ್ಣಿಗೆ ಇದು ಗಂಟೇ ಅಲ್ಲ. ಇದರ ಇರವು ಪೂರ್ತಿಯಾಗಿ ಕಂಬದ್ದು ಮತ್ತು ಘರ್ಷಣೆಯದು. ಇದೇ ಕಾರಣಕ್ಕೆ ತುದಿಯನ್ನು ಮುಟ್ಟದೆ, ಹಗ್ಗದ ನಡುವಿನಲ್ಲಿ ಎರಡು ಕುಣಿಕೆ ಮಾಡಿ ಒಂದರ ಹಿಂದೆ ಇನ್ನೊಂದನ್ನು ಇಟ್ಟು, ಗೂಟದ ತಲೆಯ ಮೇಲಿನಿಂದ ತೊಡಿಸಿಯೂ ಇದನ್ನು ಹಾಕಬಹುದು. ಕಲಿತ ಕೈಗೆ ಅರೆನಿಮಿಷವೂ ಬೇಡ.

ಮಿನೆಸೋಟಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಬೆಂಜಮಿನ್ ಬೇಮನ್ 1977ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇಂಥ ಕಂಬದ ಗಂಟುಗಳ ಸಿದ್ಧಾಂತವನ್ನು ಪ್ರಕಟಿಸಿದರು. ಆಯ್ಲರ್‌ನ ಸುತ್ತಿನ ಲೆಕ್ಕಕ್ಕೆ, ಎಳೆಯೊಂದು ಇನ್ನೊಂದು ಎಳೆಯನ್ನು ಅಮುಕಿದಾಗ ಸಿಗುವ ಹಿಡಿತವನ್ನು ಸೇರಿಸಿ ನೋಡಿದರು. ಸಿಕ್ಕ ಫಲಿತಾಂಶ ನಮ್ಮ ಊಹೆಗೆ ವಿರುದ್ಧವಾದದ್ದು. ಸಾಮಾನ್ಯವಾಗಿ ನಾವು ‘ಈ ಗಂಟು ಇಷ್ಟು ಕಿಲೊ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಜಾರುತ್ತದೆ’ ಎಂದುಕೊಳ್ಳುತ್ತೇವೆ. ಬೇಮನ್ ಲೆಕ್ಕದಲ್ಲಿ ಭಾರದ ಪ್ರಶ್ನೆಯೇ ಉಳಿಯುವುದಿಲ್ಲ. ತುದಿಯನ್ನು ಜಾರಿಸುವ ಎಳೆತ ಭಾರಕ್ಕೆ ಅನುಗುಣವಾಗಿದೆ, ತುದಿಯನ್ನು ಅಮುಕುವ ಬಲವೂ ಭಾರಕ್ಕೆ ಅನುಗುಣವಾಗಿದೆ. ಎರಡೂ ಕಡೆ ಇರುವ ಭಾರ ಹೊಡೆದುಹೋಗಿ ಘರ್ಷಣಾಂಕವೊಂದೇ ಉಳಿಯುತ್ತದೆ. ಪ್ರತಿ ಗಂಟಿಗೂ ಅದರದೇ ಒಂದು ಹೊಸ್ತಿಲಿದೆ. ಘರ್ಷಣಾಂಕ ಆ ಹೊಸ್ತಿಲು ದಾಟಿದ್ದರೆ ಹಗ್ಗ ಹರಿಯುವ ತನಕ ಗಂಟು ಜಾರದು. ದಾಟಿರದಿದ್ದರೆ ಒಂದು ಚೊಂಬಿನ ಭಾರಕ್ಕೂ ಜಾರುತ್ತದೆ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಿಳಿದಿರಲೇಬೇಕಾದ ಸಂಗತಿ ಇದು. ಗಂಟಿನ ಭದ್ರತೆ ಗಂಟಿನ ಆಕಾರದಲ್ಲಿ ಮಾತ್ರ ಇಲ್ಲ. ಹಗ್ಗ ಯಾವುದು, ಕಂಬ ಯಾವುದು ಎಂಬ ಜೋಡಿಯಲ್ಲಿ ಇದೆ. ತೆಂಗಿನ ನಾರು, ಪುಂಡಿ ನಾರು, ಸೆಣಬು, ಕತ್ತಾಳೆ ಇವುಗಳ ಹಗ್ಗಕ್ಕೆ ಮೈತುಂಬ ಜುಂಗು. ಒರಟು ಮರದ ಮೇಲೆ ಅವುಗಳ ಘರ್ಷಣಾಂಕ ಸುಮಾರು 0.5. ಆ ಅಂಕಿಯಲ್ಲಿ ಒಂದೇ ಸುತ್ತು ಎಳೆತವನ್ನು 23 ಪಟ್ಟು ಇಳಿಸುತ್ತದೆ. ನಮ್ಮ ಹಿರಿಯರ ಕೈಗೆ ಬಂದ ಗಂಟುಗಳೆಲ್ಲ ಈ ಜೋಡಿಯ ಮೇಲೆ ಪಳಗಿದವು. 1935ರಲ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ನೈಲಾನ್, 1950ರ ದಶಕದಲ್ಲಿ ಬಂದ ಪಾಲಿಪ್ರೊಪಿಲೀನ್ ಈಗ ಹಳ್ಳಿಯ ಅಂಗಡಿಯಲ್ಲೂ ಕಿಲೊ ಲೆಕ್ಕದಲ್ಲಿ ಸಿಗುತ್ತವೆ. ಅವು ಕೊಳೆಯುವುದಿಲ್ಲ, ಹೆಚ್ಚು ಭಾರ ಹೊರುತ್ತವೆ, ಆದರೆ ಮೈ ನುಣುಪು. ಕಂಬವೂ ಮರದಿಂದ ಕಬ್ಬಿಣದ ಪೈಪಿಗೆ ಬದಲಾಗಿದೆ. ನುಣುಪು ಹಗ್ಗ, ನುಣುಪು ಪೈಪು, ಮೇಲೊಂದಿಷ್ಟು ಎಣ್ಣೆ ಅಥವಾ ಪಾಚಿ ಸೇರಿ ಘರ್ಷಣಾಂಕ 0.1ಕ್ಕೆ ಇಳಿಯಿತೆನ್ನಿ. ಆಗ ಒಂದು ಸುತ್ತು ಎಳೆತವನ್ನು ಎರಡು ಪಟ್ಟೂ ಇಳಿಸುವುದಿಲ್ಲ. 0.3 ಇದ್ದಾಗ ಒಂದು ಸುತ್ತು ಮಾಡುತ್ತಿದ್ದ ಕೆಲಸಕ್ಕೆ ಈಗ ಮೂರು ಸುತ್ತು ಬೇಕು. ಅದೇ ಕೈ, ಅದೇ ಗಂಟು, ಆದರೆ ಕಾಯುವ ಭರವಸೆ ಹೋಗಿದೆ. ಹಬ್ಬದ ಜೋಕಾಲಿಗೆ ಕಬ್ಬಿಣದ ತೊಲೆ, ಪ್ಲಾಸ್ಟಿಕ್ ಹಗ್ಗ ಬಳಸುವವರು ಒಂದು ಸುತ್ತಿನ ಅಭ್ಯಾಸವನ್ನು ಬಿಡಲೇಬೇಕು. ಪೈಪಿನ ಮೇಲೆ ಗೋಣಿತಟ್ಟೋ ಹಳೆಯ ಟ್ಯೂಬೋ ಸುತ್ತಿ, ಅದರ ಮೇಲೆ ಹಗ್ಗ ಹಾಕುವುದು ಜಾಣತನ. ರಬ್ಬರಿನ ಹಿಡಿತ ಮರಕ್ಕಿಂತ ಚೆನ್ನಾಗಿರುತ್ತದೆ.

ಬೇಮನ್ ಲೆಕ್ಕ ಸ್ಥಿರವಾಗಿ ತೂಗುವ ಭಾರದ್ದು. ತೂಗುಯ್ಯಾಲೆಯಾಡುವ ಭಾರಕ್ಕೆ ಬೇರೆಯದೇ ತೊಂದರೆಯಿದೆ. ಎಳೆತ ನಾಲ್ಕು ಪಟ್ಟು ಏರಿ ಇಳಿಯುವಾಗ, ಇಳಿದ ಆ ಕ್ಷಣದಲ್ಲಿ ಓರೆ ಪಟ್ಟಿಯ ಅಮುಕು ಸಡಿಲವಾಗುತ್ತದೆ, ಹಗ್ಗ ತನ್ನ ಸಹಜ ಬಿರುಸಿನಿಂದ ಕೂದಲೆಳೆಯಷ್ಟು ಹಿಂದಕ್ಕೆ ಚಿಮ್ಮುತ್ತದೆ. ಮುಂದಿನ ತೂಗಿನಲ್ಲಿ ಪಟ್ಟಿ ಮತ್ತೆ ಬಿಗಿಯುತ್ತದೆ, ಆದರೆ ತುದಿ ಇದ್ದಲ್ಲಿ ಇರುವುದಿಲ್ಲ. ಹೀಗೆ ನೂರಾರು ತೂಗು ಕಳೆದಾಗ ತುದಿ ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿದು ಒಂದು ಹೊತ್ತಿಗೆ ಕಳಚಿಕೊಳ್ಳಬಹುದು. ಗೂಟಕ್ಕೆ ಕಟ್ಟಿದ ಎಮ್ಮೆ ಗೂಟವನ್ನೇ ಸುತ್ತು ಹೊಡೆದಾಗಲೂ ಇದೇ ಅಪಾಯ. ಆದ್ದರಿಂದ ಕ್ಲೋವ್ ಹಿಚ್ ಒಂದನ್ನೇ ನಂಬಿ ಮನುಷ್ಯರ ಜೀವವನ್ನು ತೂಗುಬಿಡಬಾರದು.

ಜೋಕಾಲಿಗೆ ನಾನು ಹೇಳುವುದು ಎರಡು ಪೂರ್ತಿ ಸುತ್ತು, ಎರಡು ಬಿಗಿಗುಣಿಕೆ. ಹಗ್ಗವನ್ನು ತೊಲೆಗೆ ಎರಡು ಸಲ ಸುತ್ತಿ, ಸುತ್ತುಗಳನ್ನು ಒಂದರ ಮೇಲೊಂದು ಹತ್ತದಂತೆ ಪಕ್ಕಪಕ್ಕದಲ್ಲಿ ಕೂರಿಸಿ. ತುದಿಯನ್ನು ಕೆಳಗೆ ತಂದು, ಈಗ ತೊಲೆಗಲ್ಲ, ಭಾರ ಹೊರುವ ಹಗ್ಗಕ್ಕೇ ಸುತ್ತಿ ಒಂದು ಕುಣಿಕೆ ಬಿಗಿಯಿರಿ, ಅದೇ ದಿಕ್ಕಿನಲ್ಲಿ ಅದರ ಕೆಳಗೆ ಇನ್ನೊಂದು. ಹಗ್ಗದ ದಪ್ಪದ ಹನ್ನೆರಡು ಪಟ್ಟಿಗೆ ಕಡಿಮೆಯಿಲ್ಲದಷ್ಟು ತುದಿ ಹೊರಗೆ ಉಳಿದಿರಲಿ. ಇಲ್ಲಿ ಭಾರದ ಬಹುಪಾಲನ್ನು ತೊಲೆಯ ಮೇಲಿನ ಸುತ್ತುಗಳೇ ತಿಂದುಹಾಕುತ್ತವೆ, ಕುಣಿಕೆಗಳಿಗೆ ಬರುವುದು ಚಿಲ್ಲರೆ ಮಾತ್ರ. ಇನ್ನೊಂದು ಲಾಭವೂ ಇದೆ. ಬರೀ ಸಡಿಲ ಕುಣಿಕೆಯಾದರೆ ಪ್ರತಿ ಜೀಕಿಗೂ ತೊಲೆಯ ಮೇಲೆ ಹಿಂದೆಮುಂದೆ ಉಜ್ಜಿ ಹಗ್ಗ ಸವೆಯುತ್ತದೆ. ಬಿಗಿಯಾಗಿ ಅಪ್ಪಿದ ಎರಡು ಸುತ್ತು ಹಾಗೆ ಉಜ್ಜಾಡುವುದಿಲ್ಲ.

ಎಳೆತ ಕಂಬಕ್ಕೆ ಅಡ್ಡವಾಗಿದ್ದಾಗಿನ ಮಾತು ಇದು. ಕಂಬದ ಉದ್ದಕ್ಕೂ ಎಳೆದರೆ ಕ್ಲೋವ್ ಹಿಚ್ ಸುಲಭವಾಗಿ ಜಾರುತ್ತದೆ. ಸರ್ವೆ ಕಂಬದ ಸಾರವೆಯಲ್ಲಿ ಅಡ್ಡಗಂಬದ ಭಾರ ಕಟ್ಟನ್ನು ನೆಟ್ಟಗಂಬದ ಉದ್ದಕ್ಕೆ ಕೆಳಗೆ ನೂಕುತ್ತದೆ. ಅಲ್ಲಿ ಕೈ ಕೊಟ್ಟ ಬಿಗಿಗೆ ದೊಡ್ಡ ಬೆಲೆ. ಎರಡು ಕಂಬಗಳನ್ನೂ ಸೇರಿಸಿ ಸುತ್ತಿದ ಮೇಲೆ, ಅವುಗಳ ನಡುವಿನ ಸಂದಿನಲ್ಲಿ ಹಗ್ಗವನ್ನು ಆ ಸುತ್ತುಗಳಿಗೆ ಅಡ್ಡಲಾಗಿ ಹಾಯಿಸಿ ಜಗ್ಗುತ್ತಾರಲ್ಲ, ಅದರ ಗುಟ್ಟು ಇಲ್ಲಿದೆ. ಬಿಗಿದ ಎಳೆಯನ್ನು ನಡುವಿನಲ್ಲಿ ಪಕ್ಕಕ್ಕೆ ಎಳೆದಾಗ, ಬಾಗು ಚಿಕ್ಕದಿದ್ದಷ್ಟೂ ಎಳೆಯೊಳಗಿನ ಎಳೆತ ಹೆಚ್ಚು. ಎಳೆ 5 ಡಿಗ್ರಿಯಷ್ಟು ಬಾಗಿದ್ದರೆ, ಪಕ್ಕಕ್ಕೆ ಹಾಕಿದ 20 ಕಿಲೊ ಬಲ ಎಳೆಯೊಳಗೆ 115 ಕಿಲೊ ಎಳೆತವನ್ನು ಹುಟ್ಟಿಸುತ್ತದೆ. ಬರಿಗೈಯಲ್ಲಿ ನೇರವಾಗಿ ಎಳೆದು ಅಷ್ಟು ಬಿಗಿ ತರಲಾಗದು. ಈ ಅಡ್ಡಸುತ್ತನ್ನು ಸಮಯ ಉಳಿಸಲೆಂದು ಬಿಟ್ಟ ಸಾರವೆಯ ಮೇಲೆ ಯಾರನ್ನೂ ಹತ್ತಿಸಬಾರದು. ಮಳೆಗಾಲದಲ್ಲಿ ಕಟ್ಟುಗಳನ್ನು ಮತ್ತೆ ಮತ್ತೆ ತಟ್ಟಿ ನೋಡುವುದೂ ಅಷ್ಟೇ ಮುಖ್ಯ. ನಾರಿನ ಹಗ್ಗ ನೆನೆದಾಗ ಊದಿ ದಪ್ಪವಾಗುತ್ತದೆ. ಹುರಿ ಹೊಸೆದ ಎಳೆಗಳು ದಪ್ಪವಾದಂತೆ ಉದ್ದದಲ್ಲಿ ಕುಗ್ಗಿ ಕಟ್ಟು ಬಿಗಿಯುತ್ತದೆ. ಬಿಸಿಲಿಗೆ ಒಣಗಿದಾಗ ಅದೇ ಕಟ್ಟು ಸಡಿಲಾಗುತ್ತದೆ. ಮಳೆಯಲ್ಲಿ ಕಲ್ಲಿನಂತಿದ್ದ ಕಟ್ಟು ಎರಡು ದಿನದ ಬಿಸಿಲಿಗೆ ಬೆರಳು ತೂರುವಷ್ಟು ಬಿಟ್ಟಿರಬಹುದು.

ಉದ್ದಕ್ಕೆ ಎಳೆದರೂ ಜಾರದ ಕಟ್ಟುಗಳೂ ಇವೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಕಟಿಸಿದ ಗಂಟು ಅವುಗಳಲ್ಲಿ ಪ್ರಸಿದ್ಧ. ತೆಳು ದಾರದ ಬಳೆಯೊಂದನ್ನು ದಪ್ಪ ಹಗ್ಗಕ್ಕೆ ಎರಡು ಮೂರು ಸಲ ಒಳಗೊಳಗೆ ತೂರಿಸಿ ಸುತ್ತುತ್ತಾರೆ. ಭಾರವಿಲ್ಲದಾಗ ಸುತ್ತುಗಳು ಹಗ್ಗಕ್ಕೆ ಅಡ್ಡಲಾಗಿದ್ದು ಕೈಯಿಂದ ಮೇಲಕ್ಕೆ ಸರಿಯುತ್ತವೆ. ಭಾರ ಬಿದ್ದೊಡನೆ ವಾಲಿ, ಹಗ್ಗವನ್ನು ಹಿಂಡಿ ನಿಲ್ಲುತ್ತವೆ. ದಾರ ಹಗ್ಗಕ್ಕಿಂತ ತೆಳುವಾಗಿರಲೇಬೇಕು. 10-11 ಮಿ.ಮೀ. ಹಗ್ಗಕ್ಕೆ 6 ಮಿ.ಮೀ. ದಾರ ರೂಢಿಯ ಅಳತೆ. ರಾಮನಗರ, ಬಾದಾಮಿಯ ಬಂಡೆಗಳಲ್ಲಿ ಹತ್ತಲು ಕಲಿಯುವವರ ಸೊಂಟದಲ್ಲಿ ಇಂಥ ದಾರದ ಬಳೆಗಳನ್ನು ಕಾಣಬಹುದು.

ಇದಕ್ಕೆ ವಿರುದ್ಧ ತುದಿಯಲ್ಲಿ, ಬಿಗಿದರೆ ಬಿಚ್ಚಲೇ ಆಗದ ಗಂಟೂ ಇದೆ. ಕ್ಲೋವ್ ಹಿಚ್‌ನಲ್ಲಿ ಓರೆ ಪಟ್ಟಿಯ ಅಡಿಯಲ್ಲಿ ಪಕ್ಕಪಕ್ಕ ಮಲಗಿರುವ ಎರಡು ತುದಿಗಳನ್ನು ಒಂದನ್ನೊಂದು ಹೆಣೆದರೆ ಕನ್‌ಸ್ಟ್ರಿಕ್ಟರ್ ಗಂಟಾಗುತ್ತದೆ. ಮೂಟೆಯ ಬಾಯಿ ಕಟ್ಟಲು, ಪೈಪಿಗೆ ತೊಡಿಸಿದ ರಬ್ಬರ್ ಕೊಳವೆ ಕಳಚದಂತೆ ಬಿಗಿಯಲು ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಬಿಗಿದ ಮೇಲೆ ಹೆಚ್ಚಾಗಿ ಚಾಕುವಿನಿಂದ ಕೊಯ್ಯುವುದೇ ದಾರಿ. ಸುಮಾರು 3,900 ಗಂಟುಗಳನ್ನು ಚಿತ್ರಸಹಿತ ಕಲೆಹಾಕಿ 1944ರಲ್ಲಿ ಮಹಾಕೋಶ ಪ್ರಕಟಿಸಿದ ಕ್ಲಿಫರ್ಡ್ ಆಶ್ಲೆ ಇದನ್ನು ಜನರಿಗೆ ಪರಿಚಯಿಸಿದರು. ಕೊಟ್ಟಿಗೆಯಲ್ಲಿ ಇದನ್ನು ಮಾತ್ರ ಬಳಸಬೇಡಿ. ಬೆಂಕಿ ಬಿದ್ದಾಗ ಕಣ್ಣಿಯನ್ನು ಒಂದೇ ಎಳೆತಕ್ಕೆ ಬಿಚ್ಚಲು ಬರಬೇಕು. ಕೊನೆಯ ಕುಣಿಕೆಗೆ ತುದಿಯನ್ನು ಪೂರ್ತಿ ತೂರಿಸದೆ ಮಡಚಿ ತೂರಿಸುವ ಜೀರುಗುಣಿಕೆ ಅಲ್ಲಿಗೆ ತಕ್ಕದ್ದು.

ಗಂಟು ಹಗ್ಗವನ್ನು ದುರ್ಬಲಗೊಳಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೂಪಾಗಿ ಬಾಗಿದ ಕಡೆ ಹೊರಮೈಯ ನಾರುಗಳು ಎಳೆಸಿಕೊಳ್ಳುತ್ತವೆ, ಒಳಮೈಯವು ಮುದುಡುತ್ತವೆ. ಭಾರ ಎಲ್ಲ ನಾರುಗಳಿಗೂ ಸಮನಾಗಿ ಹಂಚಿಹೋಗದೆ, ಹಗ್ಗ ಹರಿಯುವುದಾದರೆ ಗಂಟಿನ ಬಾಯಲ್ಲೇ ಹರಿಯುತ್ತದೆ. ಎಷ್ಟೋ ಗಂಟುಗಳು ಹಗ್ಗದ ಬಲದಲ್ಲಿ ಮೂರನೇ ಒಂದು ಭಾಗವನ್ನು ನುಂಗುತ್ತವೆ. ಈ ಒಳ ಎಳೆತವನ್ನು ಕಣ್ಣಿಗೆ ಕಾಣಿಸಿದವರು ಎಂಐಟಿಯ ವಿಶಾಲ್ ಪಾಟೀಲ್, ಜೋಸೆಫ್ ಸ್ಯಾಂಡ್ಟ್, ಮಥಿಯಾಸ್ ಕೋಲೆ ಮತ್ತು ಯೋರ್ನ್ ಡುಂಕೆಲ್. ಎಳೆದಾಗ ಬಣ್ಣ ಬದಲಿಸುವ ವಿಶೇಷ ಎಳೆಗಳಿಂದ ಗಂಟು ಹಾಕಿ, ಗಂಟಿನೊಳಗೆ ಎಲ್ಲೆಲ್ಲಿ ಎಳೆತ ಕೂತಿದೆ ಎಂದು ಬಣ್ಣದಲ್ಲೇ ಓದಿ, 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಎಳೆಗಳು ಎಷ್ಟು ಕಡೆ ದಾಟುತ್ತವೆ, ಪಕ್ಕಪಕ್ಕದ ಎಳೆಗಳು ಒಂದೇ ಕಡೆಗೆ ತಿರುಚಿಕೊಳ್ಳುತ್ತವೆಯೋ ವಿರುದ್ಧ ದಿಕ್ಕಿಗೋ, ಯಾವ ಕಡೆಗೆ ಜಾರುತ್ತವೆ ಎಂಬುದನ್ನು ಎಣಿಸಿಯೇ ಎರಡು ಹಗ್ಗ ಜೋಡಿಸುವ ಗಂಟುಗಳಲ್ಲಿ ಯಾವುದು ಭದ್ರ ಎಂದು ಹೇಳಬಹುದೆಂದು ಅವರು ತೋರಿಸಿದರು.

ಪ್ರವಾಹ, ಕಣಿವೆಗಳಲ್ಲಿ ರಕ್ಷಣಾ ಕೆಲಸ ಮಾಡುವವರು ಗಂಟಿನಿಂದಾಗುವ ಬಲದ ನಷ್ಟವನ್ನು ತಪ್ಪಿಸಲು ಗಂಟಿಗೆ ಭಾರವನ್ನೇ ಕೊಡದ ಕಟ್ಟನ್ನು ಬಳಸುತ್ತಾರೆ. ಹಗ್ಗಕ್ಕಿಂತ ಹಲವು ಪಟ್ಟು ದಪ್ಪದ ಮರ ಅಥವಾ ಕಂಬಕ್ಕೆ ಹಗ್ಗವನ್ನು ಮೂರೋ ನಾಲ್ಕೋ ಸಲ ಸುಮ್ಮನೆ ಸುತ್ತಿ, ತುದಿಯಲ್ಲಿ ಒಂದು ಗಂಟು ಹಾಕಿ, ಅದನ್ನು ಕೊಕ್ಕೆಯಿಂದ ಭಾರದ ಹಗ್ಗಕ್ಕೆ ಸಡಿಲವಾಗಿ ಸಿಕ್ಕಿಸಿ ಬಿಡುತ್ತಾರೆ. ಭಾರ ಸುತ್ತುಗಳಲ್ಲೇ ಕರಗಿ ಗಂಟನ್ನು ತಲುಪುವುದಿಲ್ಲ. ದೊಡ್ಡ ಬಾಗಿನಲ್ಲಿ ಹಗ್ಗಕ್ಕೆ ನೋವಾಗದು, ಅದರ ಬಲ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಕಟ್ಟಿದ ಮೇಲೆ ಅವರು ನೋಡುವುದು ಕೊಕ್ಕೆಯ ಬಳಿ ಇರುವ ಹಗ್ಗದ ಬಾಲವನ್ನು. ಭಾರ ಬಿದ್ದಾಗಲೂ ಅದು ಮೆತ್ತಗೆ, ಜೋತು ಬಿದ್ದಂತಿರಬೇಕು. ಬೆರಳಿನಿಂದ ಒತ್ತಿದಾಗ ತಂತಿಯಂತೆ ಬಿಗಿದಿದ್ದರೆ ಭಾರ ಇಳಿಸಿ, ಇನ್ನೊಂದು ಸುತ್ತು ಹಾಕುತ್ತಾರೆ.